ಹೋಗಿ ಬಾ ಅನ್ನದ ಮನುಷ್ಯ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಯಾವುದೋ ಕಾಲದಲ್ಲಿ ಕ್ರೇನಿನ ಸರಪಳಿಗೂ ಕಬ್ಬಿಣದ ತೊಲೆಗೂ ನಡುವೆ ಸಿಕ್ಕಿಕೊಂಡ ಬೆರಳು. ಗಾಯ ವಾಸಿಯಾದರೂ ಉಗುರು ಮಾತ್ರ ಮತ್ತೆ ಒಂದಾಗಲಿಲ್ಲ, ಅಕ್ಕಪಕ್ಕದ ಎರಡು ಹೆಂಚಿನ ಹಾಗೆ ಬೆಳೆಯುತ್ತಿತ್ತು. ಕೈಯಂತೂ ಮೊರದಗಲ. ಪ್ಯಾಕಿಂಗ್ ಮುಗಿದ ಮಷೀನಿನ ಪಕ್ಕೆಗೆ ಆ ಕೈಯಿಂದ ಧಪ್ ಎಂದು ಒಂದು ಬಾರಿಸಿ, ಇಡೀ ಷೆಡ್ಡಿಗೆ ಕೇಳುವ ಹಾಗೆ "ಹೋಗು!" ಅನ್ನುತ್ತಿದ್ದರು. ಆಮೇಲೆ ಲಾರಿ ಹೊರಡುತ್ತಿತ್ತು. ಆ ಏಟು ತಿನ್ನದೆ ನಮ್ಮ ಫ್ಯಾಕ್ಟರಿಯ ಗೇಟು ದಾಟಿದ ಮಷೀನನ್ನು ನಾನು ಕಂಡಿಲ್ಲ.

ನನಗೆ ಅವರು ಆಫೀಸಿನಲ್ಲಿ ಸರ್, ಟ್ಯಾಂಪಿನೀಸ್‌ನಲ್ಲಿ ಅಂಕಲ್. ಬೆಳಗ್ಗೆ ಕಂಪನಿ ಬಸ್ಸು ಹತ್ತುವಾಗ ಅಂಕಲ್ ಆಗಿದ್ದವರು ಇಳಿಯುವಾಗ ಸರ್ ಆಗಿರುತ್ತಿದ್ದರು. ಟ್ಯಾಂಪಿನೀಸ್ ಇರುವುದು ಸಿಂಗಾಪುರ ದ್ವೀಪದ ಪೂರ್ವದ ತುದಿಯಲ್ಲಿ, ನಮ್ಮ ಫ್ಯಾಕ್ಟರಿ ಇದ್ದ ಟುವಾಸ್ ಪಶ್ಚಿಮದ ತುದಿಯಲ್ಲಿ. ಬಸ್ಸು ಅಲ್ಲಿಗೆ ಮುಟ್ಟುವುದರೊಳಗೆ ಒಂದು ನಿದ್ದೆಯೂ ಒಂದು ಜಗಳವೂ ಮುಗಿಯುತ್ತಿದ್ದವು. ನಿದ್ದೆ ನನ್ನದು, ಜಗಳ ಅವರದು. ಡ್ರೈವರ್ ಜೊತೆ, ಮೊಬೈಲಿನ ಆ ಕಡೆ ಇದ್ದ ಹಡಗಿನ ಏಜೆಂಟ್ ಜೊತೆ, ಯಾರೂ ಸಿಗದಿದ್ದರೆ ಕಿಟಕಿಯಾಚೆಯ ಟ್ರಾಫಿಕ್ ಜೊತೆ. ಸೌಮ್ಯ ಸ್ವಭಾವದ ಹಿರಿಯರು ಅಂತೆಲ್ಲ ಅವರ ಬಗ್ಗೆ ಬರೆದರೆ ಅವರೇ ಎದ್ದು ಬಂದು ಬೈದಾರು. ಮಂಡ್ಯದ ಕಡೆಯ ಮೆಕ್ಯಾನಿಕಲ್ ಇಂಜಿನಿಯರು, ಗಂಟಲು ದೊಡ್ಡದು, ಬಡಾಯಿ ಅದಕ್ಕಿಂತ ದೊಡ್ಡದು. ಬಡಾಯಿಯಲ್ಲಿ ಸುಳ್ಳು ಇರುತ್ತಿರಲಿಲ್ಲ ಅನ್ನುವುದೇ ನಮಗೆಲ್ಲ ತಲೆನೋವು.

ನಮ್ಮ ಕಂಪನಿ ಮಾಡುತ್ತಿದ್ದದ್ದು ಚಿಲ್ಲರ್‌ಗಳನ್ನು. ದೊಡ್ಡ ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ಕೂತು, ನೀರನ್ನು ತಣ್ಣಗೆ ಮಾಡಿ ಇಡೀ ಕಟ್ಟಡಕ್ಕೆ ಕಳಿಸುವ ಯಂತ್ರಗಳು ಅವು. ಒಂದೊಂದೂ ಒಂದು ಬಸ್ಸಿನಷ್ಟು ಉದ್ದ. ಆಗ ಎಲ್ಲ ಕಡೆ ಕಟ್ಟಡಗಳು ಏಳುತ್ತಿದ್ದ ಕಾಲ. ದುಬೈನ ಗೋಪುರಗಳಿಗೆ, ಮಕಾವಿನ ಹೋಟೆಲುಗಳಿಗೆ, ನಮ್ಮ ಬೆಂಗಳೂರಿನ ಗಾಜಿನ ಆಫೀಸುಗಳಿಗೆ, ಎಲ್ಲದಕ್ಕೂ ನಮ್ಮ ಷೆಡ್ಡಿನಿಂದ ಮಷೀನು ಹೋಗುತ್ತಿತ್ತು. "ನಾನು ಬೆಂಗಳೂರಲ್ಲಿ ಓದೋವಾಗ ಫ್ಯಾನ್ ಹಾಕಿದ್ರೆ ಹಾಸ್ಟೆಲ್ ವಾರ್ಡನ್ ಬೈತಿದ್ದ ಕಣಮ್ಮ, ಏನು ಜ್ವರಾನಾ ಅಂತ. ಈಗ ನೋಡು, ನನ್ನ ಕೈಲೇ ಅಲ್ಲಿಗೆ ಚಿಲ್ಲರ್ ಕಳಿಸ್ತಾವ್ರೆ," ಎಂದು ನಗುತ್ತಿದ್ದರು. ಅವುಗಳನ್ನು ಸುತ್ತಿ, ಬಿಗಿದು, ಹಡಗು ಹತ್ತಿಸಿ, ಆಚೆಯ ದಡದಲ್ಲಿ ಕ್ಷೇಮವಾಗಿ ಇಳಿಸುವ ತನಕದ ಹೊಣೆ ಅವರದು.

ನನಗೆ ಅವರು ಕೆಲಸ ಕೊಟ್ಟದ್ದು ತರಕಾರಿ ಮಾರ್ಕೆಟ್ಟಿನಲ್ಲಿ. ಮೈಸೂರಿನಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಟ್ಯಾಂಪಿನೀಸ್‌ಗೆ ಬಂದು ಕೂತಿದ್ದೆ. ಒಂದು ದಿನ ಅಂಗಡಿಯವನು ಒಣಗಿದ ನುಗ್ಗೆಕಾಯಿಯನ್ನು ಕಟ್ಟಿನ ನಡುವೆ ತೂರಿಸಿ ಕೊಟ್ಟಿದ್ದ. ನನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ, ಸಾಲದ್ದಕ್ಕೆ ಕನ್ನಡವನ್ನೂ ಸೇರಿಸಿ ದಬಾಯಿಸುತ್ತಿದ್ದೆ. ಹಿಂದೆ ನಿಂತಿದ್ದ ದಪ್ಪ ಮನುಷ್ಯರೊಬ್ಬರು, "ಯಾವೂರಮ್ಮ ನಿಂದು?" ಅಂದರು. ಹೇಳಿದೆ. "ಓದಿದೀಯಾ?" ಹೇಳಿದೆ. "ನಮ್ಮ ಶಿಪ್ಪಿಂಗ್ ಡಿಪಾರ್ಟ್‌ಮೆಂಟಿಗೆ ಬಂದ್ಬಿಡು. ಓದಿದವರು ಬೇಕಾದಷ್ಟು ಜನ ಸಿಗ್ತಾರೆ, ಹಿಂಗೆ ಬಿಡದೆ ಜಗಳ ಆಡೋರು ಸಿಗಲ್ಲ." ತಮಾಷೆ ಅಂದುಕೊಂಡೆ. ಮಾರನೆಯ ವಾರ ಅಲ್ಲಿ ದುಡಿಯಲು ಬೇಕಾದ ಸರ್ಕಾರಿ ಪಾಸಿಗೆ ನನ್ನ ಅರ್ಜಿ ಹಾಕಿಸಿದ್ದರು.

ಸೇರಿದ ಹೊಸತಿನ ಮಾತು. ನಾನು ಕಾಗದಪತ್ರ ಸಿದ್ಧಮಾಡಿದ ಮೊದಲ ಮಷೀನು ದುಬೈಗೆ ಹೊರಟಿತ್ತು. ಅದನ್ನು ಫ್ಲಾಟ್ ರ‍್ಯಾಕಿಗೆ, ಅಂದರೆ ಸೂರೂ ಪಕ್ಕದ ಗೋಡೆಯೂ ಇಲ್ಲದ ಕಂಟೇನರಿಗೆ, ಬಿಗಿದು ಲಾರಿಯ ಮೇಲೆ ಏರಿಸಿದ್ದರು. ನೀಲಿ ಟಾರ್ಪಾಲಿನಲ್ಲಿ ಸುತ್ತಿಸಿಕೊಂಡು ಕೂತಿದ್ದ ಅದನ್ನು ನೋಡಿ ನನಗೇನೋ ಅಕ್ಕರೆ ಉಕ್ಕಿತು. ಹೊರಡುವವರಿಗೆ ನಮ್ಮಲ್ಲಿ ಯಾರಾದರೂ ಬರೀ 'ಹೋಗು' ಅನ್ನುತ್ತಾರೆಯೇ? ಹಾಗೆ ಅಂದರೆ ನಮ್ಮಜ್ಜಿ ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಹೊರಟವರು 'ಬರ್ತೀನಿ' ಅನ್ನಬೇಕು, ಕಳಿಸುವವರು 'ಹೋಗಿ ಬಾ' ಅನ್ನಬೇಕು. ಬಾಯಿಗೆ ಅದೇ ಅಭ್ಯಾಸ. ನಾನೂ ಟಾರ್ಪಾಲು ಮುಟ್ಟಿ, "ಹೋಗಿ ಬಾಮ್ಮ," ಅಂದುಬಿಟ್ಟೆ.

"ಯಾರದು? ಯಾರಂದಿದ್ದು ಅದು?"

ಷೆಡ್ಡಿನ ಆ ಕೊನೆಯಿಂದ ಬಂದರು. ಮುಖ ಕೆಂಪಾಗಿತ್ತು. "ಬಾ ಅಂತೀಯಾ? ಬಾ ಅಂತಾಳಲ್ಲಪ್ಪ ಇವಳು! ಮಷೀನು ಯಾವಾಗಮ್ಮ ವಾಪಸ್ ಬರೋದು? ಒಡೆದ್ರೆ ಬರುತ್ತೆ, ಕಸ್ಟಮರ್ ಬೇಡ ಅಂದ್ರೆ ಬರುತ್ತೆ. ಬಿಡ್ತು ಅನ್ನು."

"ಬಿಡ್ತು," ಅಂದೆ. ನಗು ತಡೆಯಲಾಗಲಿಲ್ಲ. "ಮನೆ ಮಗಳನ್ನ ಕಳಿಸೋ ಥರ ಇತ್ತು ಸರ್, ಅದಕ್ಕೇ..."

"ಮಗಳು ಬೇರೆ, ಮಷೀನು ಬೇರೆ. ಮಗಳು ವಾಪಸ್ ಬಂದ್ರೆ ಹಬ್ಬ. ಮಷೀನು ವಾಪಸ್ ಬಂದ್ರೆ ತಿಥಿ." ಆಮೇಲೆ ಎದೆ ಮುಂದೆ ಮಾಡಿ, "ನನ್ನ ಕೈಯಿಂದ ಹೋದದ್ದು ಇವತ್ತಿನ ತನಕ ಒಂದೂ ವಾಪಸ್ ಬಂದಿಲ್ಲ. ತಿಳ್ಕೋ," ಎಂದು ಮಷೀನಿಗೆ ಧಪ್ ಎಂದು ಬಾರಿಸಿ "ಹೋಗು!" ಅಂದರು. ಅವತ್ತಿನಿಂದ ನನ್ನ ಬಾಯಿಗೂ ಆ ಮಾತೇ ಬಂತು. ಒಮ್ಮೆ ಊರಿಗೆ ಹೊರಟ ಅತ್ತೆಯವರಿಗೆ ಚಾಂಗಿ ಏರ್‌ಪೋರ್ಟಿನಲ್ಲಿ "ಹೋಗಿ ಅತ್ತೆ" ಅಂದು, ಅದರ ಫಲವನ್ನು ಚೆನ್ನಾಗಿ ಉಂಡೆ.

ಅವರಿಗೆ ಪಾಠ ಹೇಳುವ ಚಪಲವೂ ಇತ್ತು. ಒಂದು ಸಲ ಲಾರಿ ಕಂಪನಿಯ ಹೊಸ ಹುಡುಗಿಯೊಬ್ಬಳು ಫೋನಿನಲ್ಲಿ ಅಳುವುದೊಂದು ಬಾಕಿ. ಐನೂರು ಟನ್ ಮಷೀನು ಅಂತ ನಾವು ಹೇಳಿದ್ದೇವೆ, ಅಷ್ಟು ಭಾರ ಹೊರುವ ಲಾರಿ ಈ ದ್ವೀಪದಲ್ಲೇ ಇಲ್ಲ ಅಂತ ಅವಳ ಗೋಳು. ಅವರು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು, ಚಿಲ್ಲರಿಗೆ ಟನ್ ಅಂದರೆ ಅದು ಎಷ್ಟು ತಣ್ಣಗೆ ಮಾಡಬಲ್ಲದು ಅನ್ನುವ ಅಳತೆ, ತೂಕವಲ್ಲ ಎಂದು ಅವಳಿಗೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ನೋಡಿದ್ಯಾ, ಬೈಲಿಲ್ಲ. ಹೊಸಬರಿಗೆ ಬೈಬಾರದು," ಅಂದರು. ನಾನು ಹೊಸಬಳಾಗಿದ್ದಾಗ ಈ ಕಾನೂನು ಎಲ್ಲಿತ್ತೋ ದೇವರಿಗೇ ಗೊತ್ತು.

ಆದರೆ ಕೆಲಸದಲ್ಲಿ ಅವರನ್ನು ನೋಡುವುದೇ ಒಂದು ಸುಖ. ಮಷೀನು ಸುತ್ತುವ ಮುಂಚೆ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಮೊದಲು ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ. ಎರಡನೆಯದು ಯಾಕೆ ಅಂದರೆ, "ಬೆಳಕು ಈ ಕಡೆಯಿಂದ ಬಿದ್ದಾಗ ಕಾಣದ್ದು ಆ ಕಡೆಯಿಂದ ಕಾಣುತ್ತೆ," ಅನ್ನುತ್ತಿದ್ದರು. ಟಾರ್ಪಾಲು ಸುತ್ತುವುದನ್ನು ಅವರು 'ಸೀರೆ ಉಡಿಸೋದು' ಅನ್ನುತ್ತಿದ್ದರು. ನೆರಿಗೆ ಸಡಿಲಾದರೆ ಸಮುದ್ರದ ಗಾಳಿ ಒಳಗೆ ಹೊಕ್ಕು ಬಟ್ಟೆಯನ್ನು ಚಿಂದಿ ಮಾಡುತ್ತದೆ, ಉಪ್ಪು ನೀರು ಪೇಂಟಿಗೆ ಇಳಿಯುತ್ತದೆ. ಸರಿಬರದಿದ್ದರೆ ಬಿಚ್ಚಿಸುತ್ತಿದ್ದರು. ಮತ್ತೆ ಉಡಿಸುತ್ತಿದ್ದರು. ಬೈಯುತ್ತಾ ಬೈಯುತ್ತಾ ತಾವೂ ಹಗ್ಗ ಹಿಡಿದು ಎಳೆಯುತ್ತಿದ್ದರು.

ಅವರ ಬಲಗೈ ಬಂಟ ಅಂದರೆ ಒಬ್ಬ ತಮಿಳು ಫಿಟ್ಟರ್, ಮಧುರೆ ಕಡೆಯವನು. ಅವರಿಗೆ ತಮಿಳು ಅರೆಬರೆ, ಅವನಿಗೆ ಕನ್ನಡ ಸೊನ್ನೆ. ಆದರೂ ಅವರು ಅವನ ಹತ್ತಿರ ಕನ್ನಡದಲ್ಲೇ ಕೂಗಾಡುತ್ತಿದ್ದರು. ಮಷೀನು ತಯಾರಾದ ಮೇಲೆ ಅದರ ಕೊಳವೆಗಳಲ್ಲಿ ನೀರು ಹರಿಸಿ ಪರೀಕ್ಷೆ ಮಾಡುತ್ತಾರೆ, ಕಳಿಸುವ ಮುಂಚೆ ಆ ನೀರನ್ನು ಹೊರಗೆ ಬಿಡಬೇಕು. ಅದಕ್ಕೆ ಅವರು ಬಳಸುತ್ತಿದ್ದ ಮಾತು, ಅನ್ನ ಬಸಿಯುತ್ತೇವಲ್ಲ, ಅದೇ 'ಬಸಿ'. ಮೊದಲ ಸಲ ಅವರು ಷೆಡ್ಡಿನ ಬಾಗಿಲಲ್ಲಿ ನಿಂತು "ಬಸಿದಾಯ್ತೇನೋ?" ಎಂದು ಗದರಿದಾಗ ಫಿಟ್ಟರ್ ಹೊಟ್ಟೆ ಸವರಿಕೊಂಡು, "ಪಸಿ ಇಲ್ಲೆ ಸಾರ್, ಇಪ್ಪೋದಾನ್ ಸಾಪ್ಪಿಟ್ಟೇನ್," ಅಂದನಂತೆ. ತಮಿಳಿನಲ್ಲಿ ಪಸಿ ಅಂದರೆ ಹಸಿವು. ಹಸಿವಿಲ್ಲ ಸಾರ್, ಈಗ ತಾನೆ ಊಟ ಆಯಿತು ಅಂತ. ಅಲ್ಲಿಂದ ಮುಂದೆ ನಮ್ಮ ಷೆಡ್ಡಿನಲ್ಲಿ ಎಲ್ಲರಿಗೂ ಅದೇ ಮಾತಾಯಿತು. ಸಿಂಗಾಪುರದ ಚೀನೀ ವೆಲ್ಡರ್ ಕೂಡ ಕೊಳಾಯಿ ತಿರುಗಿಸಿ "ಬಸಿ, ಬಸಿ" ಅನ್ನುತ್ತಿದ್ದ. ಫಿಟ್ಟರ್ ಕಲಿತ ಎರಡನೆಯ ಕನ್ನಡ ಮಾತು 'ಹೋಗು'. ಅದನ್ನು ಅವನಿಗೆ ಯಾರೂ ಕಲಿಸಲಿಲ್ಲ, ದಿನಾ ಕೇಳಿ ಕೇಳಿ ಬಂದದ್ದು.

ಒಂದು ವರ್ಷದ ಕೊನೆಗೆ ಒಂದು ಸುದ್ದಿ ಹಬ್ಬಿತು. ಚೀನಾ, ಕೊರಿಯಾ, ಜಪಾನ್ ಎಲ್ಲ ಕಡೆಯ ಶಿಪ್ಪಿಂಗಿಗೂ ಒಬ್ಬರೇ ಮುಖ್ಯಸ್ಥರನ್ನು ನೇಮಿಸುತ್ತಾರೆ, ಆ ಕುರ್ಚಿ ನಮ್ಮ ಸರ್‌ಗೇ ಅಂತ. ಸುದ್ದಿ ಏನು, ದೊಡ್ಡ ಬಾಸ್ ಅವರನ್ನು ಊಟಕ್ಕೆ ಕರೆದುಕೊಂಡು ಹೋಗಿ ಬಾಯಿಬಿಟ್ಟೇ ಹೇಳಿದ್ದರು. ಚೈನೀಸ್ ನ್ಯೂ ಇಯರ್ ಆದ ಮೇಲೆ ಪ್ರಕಟಣೆ. ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಡ್ರೈವರಿಗೂ ಹೇಳಿದರು, ಅಪಾರ್ಟ್‌ಮೆಂಟಿನ ಕೆಳಗಿನ ತೆರೆದ ಜಾಗದಲ್ಲಿ ಚೆಸ್ ಆಡುವ ಮುದುಕರಿಗೂ ಹೇಳಿದರು. ಮನೆಯಲ್ಲಿ ಆಂಟಿ, ಅಂದರೆ ಅವರ ಹೆಂಡತಿ, "ಇನ್ನೂ ಆಗಿಲ್ಲ ರೀ, ದೃಷ್ಟಿಯಾದೀತು, ಸ್ವಲ್ಪ ಮೆತ್ತಗೆ," ಅಂದರೆ, "ಮೆತ್ತಗೆ ಹೇಳೋಕೆ ನಾನೇನು ಕದ್ದಿದೀನಾ?" ಅನ್ನುತ್ತಿದ್ದರು.

ಅದೇ ಹೊತ್ತಿಗೆ ಉತ್ತರ ಚೀನಾದ ಒಂದು ಊರಿಗೆ ಮಷೀನು ಹೋಗಬೇಕಾಯಿತು. ಅಷ್ಟು ಉತ್ತರಕ್ಕೆ ನಾವು ಕಳಿಸಿದ್ದು ಅದೇ ಮೊದಲು. ಎಂದಿನಂತೆ ಪರೀಕ್ಷೆಯಾಯಿತು, ಬಸಿದದ್ದಾಯಿತು, ಸೀರೆ ಉಡಿಸಿದ್ದಾಯಿತು. ಧಪ್, "ಹೋಗು!" ಆಯಿತು. ಹಡಗು ಹಾಂಗ್ ಕಾಂಗ್ ತನಕ ಒಯ್ದು, ಅಲ್ಲಿ ಇನ್ನೊಂದು ಚಿಕ್ಕ ಹಡಗಿಗೆ ಅದನ್ನು ದಾಟಿಸಬೇಕಿತ್ತು.

ಮಷೀನು ಇನ್ನೂ ಸಮುದ್ರದ ಮೇಲಿದ್ದ ಆ ಭಾನುವಾರ ನಾನೂ ನನ್ನ ಗಂಡನೂ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಆಂಟಿ ಹುಣಸೆಹಣ್ಣಿನ ಗೊಜ್ಜು ಮಾಡಿದ್ದರು. ನಾನು ತಟ್ಟೆ ಹಾಕುತ್ತಿದ್ದೆ. ಅಡುಗೆಮನೆಯಿಂದ ಆಂಟಿಯ ಧ್ವನಿ ಬಂತು: "ರೀ, ಫ್ರೀಜರಲ್ಲಿ ಈ ಗಾಜಿನ ಜಾಡಿ ಇಟ್ಟವರು ಯಾರು?"

"ನಾನೇ. ನಿಂಬೆ ಶರಬತ್ತು. ಬೇಗ ತಣ್ಣಗಾಗ್ಲಿ ಅಂತ."

"ಕಂಠದ ತನಕ ತುಂಬಿ ಯಾರಾದ್ರೂ ಇಡ್ತಾರಾ? ನೋಡಿ, ಸೀಳಿಹೋಗಿದೆ. ಊರಿಗೆಲ್ಲ ತಂಪು ಮಾಡೋ ಮಷೀನು ಕಳಿಸ್ತೀರ, ನೀರು ಹೆಪ್ಪುಗಟ್ಟಿದ್ರೆ ಉಬ್ಬುತ್ತೆ ಅಂತ ಗೊತ್ತಿಲ್ವಾ?"

ಸ್ಕೂಲಿಗೆ ಹೋಗುತ್ತಿದ್ದ ಮಗಳು ಸೋಫಾದಿಂದಲೇ, "ಅಪ್ಪಾ, ಸೋ ಬ್ಲರ್ ಲಾ," ಎಂದು, ಎಂಥ ಪೆದ್ದಪ್ಪ ನೀನು ಅನ್ನುವುದನ್ನು ಸಿಂಗಾಪುರದ ಇಂಗ್ಲಿಷಿನಲ್ಲಿ ಹೇಳಿ ಕಿಸಕ್ಕೆಂದಳು. ನಾವೂ ನಕ್ಕೆವು. ಎಂದಿನ ಪ್ರಕಾರ ಈಗ ಅವರ ಗಂಟಲು ಏಳಬೇಕಿತ್ತು. ಏಳಲಿಲ್ಲ. ಹೋಗಿ ನೋಡಿದರೆ ಆ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಗಾಜಿನ ಮೇಲೆ ಬಾಯಿಯಿಂದ ಬುಡದವರೆಗೆ ಒಂದು ಸೀಳು. ಕರಗಿದ ಶರಬತ್ತು ಅವರ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಬಸಿದ್ವಿ," ಅಂದರು. "ಒಣಗಿಸ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಆ ಮಷೀನಿನ ಒಳಗೆ ನೂರಾರು ತಾಮ್ರದ ಕೊಳವೆಗಳು ಮಲಗಿರುತ್ತವೆ. ಕೊಳಾಯಿ ಬಿಟ್ಟರೆ ನೀರು ಇಳಿಯುತ್ತದೆ, ಆದರೆ ಒಂದಿಷ್ಟು ಅಲ್ಲಲ್ಲೇ ತಂಗುತ್ತದೆ. ಗಾಳಿ ಊದಿ ಅದನ್ನು ಹೊರಡಿಸಬೇಕು. ದುಬೈಗೆ, ಜಕಾರ್ತಕ್ಕೆ, ಬೆಂಗಳೂರಿಗೆ ಕಳಿಸುವಾಗ ಅದರ ಗೊಡವೆಯೇ ಇರಲಿಲ್ಲ. ಈ ಮಷೀನು ಹೋಗುತ್ತಿದ್ದದ್ದು ನಡು ಚಳಿಗಾಲಕ್ಕೆ. ಅಲ್ಲಿಯ ಬಂದರಿನ ಬಯಲಲ್ಲಿ ನಿಂತರೆ ಒಳಗಿನ ನೀರು ಹೆಪ್ಪುಗಟ್ಟಿ ಕೊಳವೆಗಳನ್ನು ಈ ಜಾಡಿಯ ಹಾಗೆ ಸೀಳಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಚಾಲೂ ಮಾಡಿದ ದಿನ ಇಡೀ ಮಷೀನು ಹಾಳು.

ನಾವೆಲ್ಲ ಎಂಥ ಜನ ನೋಡಿ. ಮಂಡ್ಯದವರು, ಮೈಸೂರಿನವರು, ಮಧುರೆಯವರು, ಸಿಂಗಾಪುರದವರು. ಹೊರಗೆ ಇಟ್ಟ ನೀರು ತಾನಾಗಿ ಗಟ್ಟಿಯಾಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆವೇ ಹೊರತು ಒಬ್ಬರಾದರೂ ಕಣ್ಣಲ್ಲಿ ಕಂಡವರಲ್ಲ. ತಂಪನ್ನೇ ಮಾರಾಟ ಮಾಡುತ್ತಿದ್ದ ಇಡೀ ಫ್ಯಾಕ್ಟರಿಯಲ್ಲಿ ಚಳಿ ಅಂದರೇನು ಅಂತ ಯಾರಿಗೂ ನೆನಪಾಗಿರಲಿಲ್ಲ.

"ನೀರು ಉಳಿದೇ ಇದೆ ಅಂತ ನಿಮಗೆ ಹೇಗೆ ಗೊತ್ತು? ಇಲ್ದೇನೂ ಇರಬಹುದಲ್ಲ?" ಆಂಟಿ ಕೇಳಿದರು.

"ಇರಬಹುದು. ಒಡೆದ್ರೂ ಯಾರಿಗೂ ನನ್ನ ತಪ್ಪು ಅಂತ ಗೊತ್ತಾಗಲ್ಲ. ಹಡಗಲ್ಲಿ ಕುಲುಕಾಡ್ತು ಅಂದು ಸಮುದ್ರದ ತಲೆಗೆ ಕಟ್ಟಬಹುದು." ಜಾಡಿಯನ್ನು ಸಿಂಕಿನಲ್ಲಿಟ್ಟರು. "ಆದ್ರೆ ನನಗೆ ಗೊತ್ತಾಯ್ತಲ್ಲ ಕಣೇ."

"ಆ ಪೋಸ್ಟು?" ಅಂದರು ಆಂಟಿ, ಮೆಲ್ಲಗೆ.

ಅವರು ಕೈ ಒರೆಸಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಅವರ ಫೋನಿನ ಮಾತು ಒಳಗೆ ಕೇಳಲಿಲ್ಲ, ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಗೊಜ್ಜು ಹಾಗೇ ಆರಿಹೋಯಿತು.

ಸೋಮವಾರ ದೊಡ್ಡ ಬಾಸ್ ರೂಮಿನಲ್ಲಿ ನಾನೂ ಇದ್ದೆ, ಹಡಗಿನ ಏಜೆಂಟಿಗೆ ಫೋನ್ ಹಚ್ಚಿಕೊಡಲು. ಬಾಸ್ ಸಿಂಗಾಪುರದ ಚೀನೀಯರು, ಕೆಟ್ಟವರಲ್ಲ. ಹಾಂಗ್ ಕಾಂಗಿನಲ್ಲೇ ಬಿಚ್ಚಿ ಒಣಗಿಸಲು ಆಗುವುದಿಲ್ಲವೇ ಎಂದು ಕೇಳಿದರು. ಬಂದರಿನ ಅಂಗಳದಲ್ಲಿ ಅದಕ್ಕೆ ಬಿಡುವುದಿಲ್ಲ, ನಮ್ಮ ಜನವೂ ಅಲ್ಲಿಲ್ಲ, ಇಳಿಸಿ ವಾಪಸ್ ತರಿಸುವುದೊಂದೇ ದಾರಿ ಅಂದರು ಇವರು. "ಯೂ ಷೂರ್ ಆರ್ ನಾಟ್?" ಅಂದರು ಬಾಸ್. "ಷೂರ್ ಇಲ್ಲ, ಭಯ ಇದೆ," ಎಂದು ಇವರು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. ಬಾಸ್ ಮುಖ ಗಂಟಿಕ್ಕಿತು. ನೀರು ಬಿಟ್ಟವನು ಯಾರು ಎಂದು ಕೇಳಿದರು. ಫಿಟ್ಟರ್ ಇದ್ದದ್ದು ವರ್ಕ್ ಪರ್ಮಿಟ್ ಮೇಲೆ. ಬಾಸ್ ಮನಸ್ಸು ಮಾಡಿದರೆ ಅವನನ್ನು ಮಧುರೆಯ ವಿಮಾನ ಹತ್ತಿಸುವುದು ಎಷ್ಟರ ಕೆಲಸ?

"ಬಸಿ ಅಂದದ್ದು ನಾನು. ಅವನು ಬಸಿದ. ಒಣಗಿಸು ಅಂತ ನಾನು ಹೇಳಲಿಲ್ಲ, ಅವನು ಒಣಗಿಸಲಿಲ್ಲ. ಅವನ ಕೆಲಸ ಪೂರ್ತಿ ಆಗಿದೆ, ನನ್ನದು ಆಗಿಲ್ಲ," ಅಂದರು.

ಮಷೀನು ವಾಪಸ್ ಬಂದ ದಿನ ಅವರ ಜೊತೆ ಫಿಟ್ಟರೂ ನಾನೂ ಬಂದರಿಗೆ ಹೋಗಿದ್ದೆವು. ಬಿಸಿಲು ರಾಚುತ್ತಿತ್ತು. ಅಷ್ಟು ಮೇಲಿಂದ ಕ್ರೇನು ನಮ್ಮ ನೀಲಿ ಟಾರ್ಪಾಲನ್ನು ಇಳಿಸುತ್ತಾ ಬಂತು. ಅವರು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಸುತ್ತ ನಾನಾ ದೇಶದ ಜನ. ಯಾರ ಪರಿವೆಯೂ ಇಲ್ಲದೆ, ಆ ಒಡಕು ಹೆಬ್ಬೆರಳಿನ ಕೈಯನ್ನು ಮುಂದೆ ಚಾಚಿ, "ಬಾ," ಅಂದರು. "ಬಾ ತಾಯಿ, ಬಾ. ನಿಧಾನ." ಅವರ ಬಾಯಲ್ಲಿ ಮಷೀನಿಗೆ ಆ ಮಾತು ಬಂದದ್ದು ಅದೊಂದೇ ಸಲ. ನಾನು ಪಕ್ಕಕ್ಕೆ ತಿರುಗಿ ಕಣ್ಣು ಒರೆಸಿಕೊಂಡೆ. ಫಿಟ್ಟರ್ ಒರೆಸಿಕೊಳ್ಳಲೂ ಇಲ್ಲ, ಹಾಗೇ ಅಳುತ್ತಾ ನಿಂತಿದ್ದ.

ಷೆಡ್ಡಿಗೆ ತಂದು ಬಿಚ್ಚಿದರು. ದೊಡ್ಡ ಬಾಸ್ ಕೂಡ ಬಂದು ನಿಂತರು. ಗಾಳಿ ಊದಿದಾಗ ಕೊಳವೆಗಳಿಂದ ನೀರು ಬಂತು. ಕೆಳಗಿಟ್ಟ ಬಕೆಟ್ಟಿನ ತಳವನ್ನು ಮುಚ್ಚುವಷ್ಟು. ನಾವೆಲ್ಲ ಇನ್ನೂ ಬರುತ್ತದೇನೋ ಅಂತ ಕಾದೆವು. ಬರಲಿಲ್ಲ. ಬಾಸ್ ಬಗ್ಗಿ ನೋಡಿ, "ಓನ್ಲಿ ದಿಸ್ ಮಚ್, ಆಹ್?" ಅಂದರು. ಅಷ್ಟು ನೀರಿಗೆ ಕೊಳವೆ ಸೀಳುತ್ತಿತ್ತೋ ಇಲ್ಲವೋ, ಇವತ್ತಿಗೂ ಯಾರೂ ಹೇಳಲಾರರು. ಮಷೀನನ್ನು ಒಣಗಿಸಿ, ಮತ್ತೆ ಸೀರೆ ಉಡಿಸಿ ಕಳಿಸಿದರು. ತಡವಾಗಿ ತಲುಪಿತು, ತಲುಪಿದ ಮೇಲೆ ಚೆನ್ನಾಗಿ ಓಡಿತು. ಓಡಿದ ಮಷೀನಿನ ಸುದ್ದಿ ಯಾರು ಕೇಳುತ್ತಾರೆ? ಎಲ್ಲರ ನೆನಪಿನಲ್ಲಿ ಉಳಿದದ್ದು ಅವರ ಕೈಯಿಂದ ಒಂದು ವಾಪಸ್ ಬಂತು ಅನ್ನುವುದು.

ಚೈನೀಸ್ ನ್ಯೂ ಇಯರ್ ಕಳೆಯಿತು. ಆ ಕುರ್ಚಿಯಲ್ಲಿ ಬೇರೆ ಯಾರನ್ನೋ ತಂದು ಕೂರಿಸಿದರು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಅವರ ಪಕ್ಕ ಕೂತು, "ಇದು ಅನ್ಯಾಯ ಅಂಕಲ್. ಆ ಜಾಡಿಯನ್ನ ನೋಡದೇ ಇದ್ದಿದ್ರೆ..." ಅಂದೆ.

"ನೋಡ್ದೆ ಇದ್ದಿದ್ರೆ ಇವತ್ತು ಆ ಕುರ್ಚಿ ಮೇಲೆ ಕೂತಿರ್ತಿದ್ದೆ. ಯಾವತ್ತು ಫೋನ್ ಬರುತ್ತೋ, ಯಾವ ಮಷೀನು ಒಡೀತೋ ಅಂತ ಕುಂಡಿ ಕೆಳಗೆ ಕೆಂಡ ಇಟ್ಕೊಂಡು. ಬುಡಮ್ಮ ಅತ್ಲಾಗೆ." ಅವರಿಗೆ ನೋವಾಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವತ್ತು ಬಸ್ಸಿನಲ್ಲಿ ಅವರು ಯಾರ ಜೊತೆಗೂ ಜಗಳ ಆಡಲಿಲ್ಲ. ಮಾರನೆಯ ದಿನ ಮತ್ತೆ ಡ್ರೈವರಿಗೆ ಶುರುವಾಯಿತು, ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಷೆಡ್ಡಿನಲ್ಲಿ ಬಸಿಯುವುದರ ಜೊತೆ ಒಣಗಿಸುವುದೂ ಸೇರಿತು, ಎಲ್ಲಿಗೆ ಹೋಗುವ ಮಷೀನೇ ಆಗಲಿ. "ದುಬೈಗೂ ಯಾಕೆ ಸಾರ್?" ಎಂದು ಕೇಳಿದವರಿಗೆ ಒಂದು ಕಥೆ, ನಾಕು ಬೈಗುಳ ಸಿಗುತ್ತಿದ್ದವು. ಕಥೆಯಲ್ಲಿ ತಪ್ಪು ಮಾಡಿದ್ದು ತಾವೇ ಅನ್ನುವುದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಹಡಗಿನ ಸರಕಿಗೆ ಸಾಲ ಕೊಡುವ ವಿಭಾಗ. ನುಗ್ಗೆಕಾಯಿಯವನ ಜೊತೆ ಜಗಳ ಆಡುತ್ತಿದ್ದವಳನ್ನು ಅಲ್ಲಿ ತನಕ ತಂದು ನಿಲ್ಲಿಸಿದ್ದು ಅವರು ಕಲಿಸಿದ ಕೆಲಸ, ಇದರಲ್ಲಿ ಎರಡು ಮಾತಿಲ್ಲ. ಕೊನೆಯ ದಿನ ಅವರ ಟೇಬಲ್ ಮುಂದೆ ನಿಂತು, "ಹೋಗಿ ಬರ್ತೀನಿ ಸರ್," ಅಂದೆ.

ಅವರು ಎದ್ದರು. ಆ ಮೊರದಗಲದ ಕೈಯಿಂದ ನನ್ನ ಬೆನ್ನಿಗೆ ಧಪ್ ಎಂದು ಒಂದು ಕೊಟ್ಟರು. "ಹೋಗು!" ಅಂದರು. ನಾನು ಬೆಚ್ಚಿ ಅವರ ಮುಖ ನೋಡಿದೆ. "ಚೆನ್ನಾಗಿ ಪ್ಯಾಕ್ ಮಾಡಿದೀನಿ ನಿನ್ನ. ವಾಪಸ್ ಬರಬೇಡ ಇಲ್ಲಿಗೆ. ಭಾನುವಾರ ಮನೆಗೆ ಬಾ, ಊಟಕ್ಕೆ." ಬೆನ್ನು ಮನೆ ಸೇರುವ ತನಕ ಚುರುಗುಟ್ಟುತ್ತಿತ್ತು. ಅಂಥ ಏಟು ಇನ್ನೊಂದು ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಅವರು ರಿಟೈರ್ ಆಗಿ ಸ್ವಲ್ಪ ಕಾಲಕ್ಕೆ ಹೃದಯದ ತೊಂದರೆಯಲ್ಲಿ ಹೋಗಿಬಿಟ್ಟರು. ಅವತ್ತು ಮಂಡಾಯಿಯ ಚಿತಾಗಾರದಲ್ಲಿ ಗಾಜಿನ ಈಚೆ ನಾವು ನಿಂತಿದ್ದೆವು. ಆಚೆ ಪೆಟ್ಟಿಗೆ ತಾನಾಗಿಯೇ ಮೆಲ್ಲಗೆ ಮುಂದೆ ಸಾಗುತ್ತಿತ್ತು, ತಳ್ಳುವವರು ಯಾರೂ ಇಲ್ಲ. ಆಂಟಿ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದರು, ಮಗಳು ಅವರ ಭುಜ ಹಿಡಿದಿದ್ದಳು. ನನ್ನ ನಾಲಿಗೆಯ ಮೇಲೆ ನಮ್ಮಜ್ಜಿಯ ಕಾಲದ 'ಹೋಗಿ ಬನ್ನಿ' ಬಂದು ನಿಂತಿತ್ತು, ಅವರ ಭಯಕ್ಕೆ ತಡೆದುಕೊಂಡಿದ್ದೆ.

ಹಿಂದಿನ ಸಾಲಿನಿಂದ ಧಪ್ ಅಂತ ಸದ್ದಾಯಿತು. ಎಲ್ಲರೂ ತಿರುಗಿದರು. ಫಿಟ್ಟರ್. ತಲೆ ಪೂರಾ ಬೆಳ್ಳಗಾಗಿತ್ತು. ಮುಂದಿನ ಬೆಂಚಿನ ಬೆನ್ನಿಗೆ ಅಂಗೈಯಿಂದ ಬಾರಿಸಿ, ತನಗೆ ಬರುತ್ತಿದ್ದ ಕನ್ನಡದಲ್ಲಿ, ಇಡೀ ಹಾಲಿಗೆ ಕೇಳುವ ಹಾಗೆ ಅಂದ:

"ಹೋಗು ಸಾರ್!"

ಕನ್ನಡದವರೆಲ್ಲ ಗಾಬರಿಯಾದರು. ಸತ್ತವರಿಗೆ, ಅದೂ ಹಿರಿಯರಿಗೆ, ಏಕವಚನ! ಪಾಪ, ಬಹುವಚನದಲ್ಲಿ ಆ ಮಾತನ್ನು ಅವನು ಕೇಳಿದ್ದಾದರೂ ಎಲ್ಲಿ? ಯಾರೋ ಅವನನ್ನು ಸುಮ್ಮನಿರಿಸಲು ಹೋದರು. ಆಂಟಿ ಕೈ ಎತ್ತಿ ತಡೆದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖದಲ್ಲಿ ನಗು ಬಂದಿತ್ತು. "ಬಿಡಿ, ಬೈಬೇಡಿ ಅವನಿಗೆ," ಅಂದರು. "ಅವರು ಕಲಿಸಿದ್ದನ್ನೇ ಹೇಳ್ತಿದಾನೆ."

ಆಚೆಯ ಬಾಗಿಲು ತೆರೆದುಕೊಂಡಿತು, ಪೆಟ್ಟಿಗೆ ಒಳಗೆ ಹೋಯಿತು. ಎಲ್ಲರೂ ಹೊರಗೆ ನಡೆದರು. ನಾನು ಇನ್ನಷ್ಟು ಹೊತ್ತು ಗಾಜಿನ ಹತ್ತಿರವೇ ನಿಂತಿದ್ದೆ. ಬಂದರಿನ ಬಿಸಿಲಲ್ಲಿ ಹೆಲ್ಮೆಟ್ ತೆಗೆದು ಕೈ ಚಾಚಿ ನಿಂತ ಅವರು ಕಣ್ಣ ಮುಂದೆ ಬಂದರು. ಅವರೂ ಒಂದು ಸಲ 'ಬಾ' ಅಂತ ಕರೆದಿದ್ದರಲ್ಲ, ಬೈದರೆ ಬೈಯಲಿ ಅಂದುಕೊಂಡು ಅಂದೆ: "ಬನ್ನಿ ಸರ್."